ಕರೆಂಟ್ ಬಂತು, ಕಂಪ್ಯೂಟರ್ ಬರಲಿಲ್ಲ

ಕರೆಂಟ್ ಹೋಗಿ ಬಂದ ಮೇಲೆ ಕಂಪ್ಯೂಟರ್ ಆನ್ ಆಗದಿದ್ದರೆ ಸುತ್ತಲಿನವರು ಹೇಳುವುದು ಒಂದೇ ಮಾತು: "ಬೋರ್ಡ್ ಸುಟ್ಟಿರಬೇಕ್ರಿ." ಬಾಗಲಕೋಟೆಯ ನವನಗರದಲ್ಲಿ ಜೆರಾಕ್ಸ್, ಡಿಟಿಪಿ, ಆನ್‌ಲೈನ್ ಅರ್ಜಿ ಅಂತ ಅಂಗಡಿ ನಡೆಸುವ ನನಗೆ ಪ್ರತಿ ಬೇಸಿಗೆಯಲ್ಲೂ ಇದನ್ನು ಕೇಳಿ ರೂಢಿಯಾಗಿದೆ. ಆದರೆ ನಾನು ನೋಡಿದ್ದರಲ್ಲಿ ಬೋರ್ಡ್, ಅಂದರೆ ಮದರ್‌ಬೋರ್ಡ್, ಸುಟ್ಟದ್ದು ಕಡಿಮೆ. ಜಾಸ್ತಿ ಸಲ ಹೋಗಿರುವುದು ಎಸ್‌ಎಂಪಿಎಸ್, ಅಂದರೆ ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದಷ್ಟಕ್ಕೆ ಇಳಿಸಿ ಕೊಡುವ ಡಬ್ಬಿ. ಅದೂ ಆವತ್ತೇ ಹೋದದ್ದಲ್ಲ. ಮೊದಲೇ ಮುದಿಯಾಗಿರುತ್ತದೆ, ಕರೆಂಟ್ ಹೋಗುವುದು ಒಂದು ನೆಪ ಅಷ್ಟೇ.

ಈ ಸಲದ್ದೂ ಹಾಗೇ. ಕೃತ್ತಿಕಾ ಮಳೆಯ ಗಾಳಿ ಎದ್ದು ಸಂಜೆ ಕರೆಂಟ್ ಹೋಯಿತು. ಸ್ವಲ್ಪ ಹೊತ್ತು ಬಂದು ಹೋಗಿ ಆಟ ಆಡಿತು. ಇಂಥ ಹೊತ್ತಲ್ಲಿ ನಾನು ಮೊದಲು ಮಾಡುವ ಕೆಲಸ ಮೇನ್ ಸ್ವಿಚ್ ಆಫ್ ಮಾಡುವುದು. ಕರೆಂಟ್ ಹೋಗುವಾಗ ಆಗುವ ಪೆಟ್ಟಿಗಿಂತ ಬರುವಾಗಿನ ಪೆಟ್ಟೇ ದೊಡ್ಡದು. ಬಲ್ಬ್ ಯಾವತ್ತಿಗಿಂತ ಬೆಳ್ಳಗೆ, ಜೋರಾಗಿ ಉರಿಯಿತು ಅಂದರಂತೂ ಯೋಚನೆ ಮಾಡುತ್ತಾ ನಿಲ್ಲಬಾರದು. ಲೈನಿನಲ್ಲಿ ನ್ಯೂಟ್ರಲ್, ಅಂದರೆ ಕರೆಂಟ್ ವಾಪಸ್ ಹೋಗುವ ವೈರು, ಕಡಿದಿದ್ದರೆ 230 ವೋಲ್ಟ್ ಬರುವ ಜಾಗದಲ್ಲಿ 400ರ ಹತ್ತಿರ ಬರಬಹುದು.

ರಾತ್ರಿ ಕರೆಂಟ್ ಸರಿಯಾಗಿ ನಿಂತಿತು. ಬೆಳಿಗ್ಗೆ ಅಂಗಡಿ ತೆರೆದೆ. ಒಂದು ಕಂಪ್ಯೂಟರ್ ಆನ್ ಆಯಿತು, ಪಕ್ಕದ್ದು ಆಗಲಿಲ್ಲ. ಎರಡೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿನಲ್ಲಿದ್ದವು. ಹೊರಗೆ ಪಿಯು ಪ್ರವೇಶದ ಅರ್ಜಿ ಹಾಕಲು ಹುಡುಗರು ಬಂದು ನಿಂತಿದ್ದರು. ಚಹಾದಂಗಡಿ ಕಾಕಾ ಇಣುಕಿ, "ಏನ್ ತಮ್ಮಾ, ಹೋತೇನು ಅದು?" ಅಂದರು. "ಇನ್ನೂ ನೋಡಬೇಕ್ರಿ ಕಾಕಾ" ಅಂದೆ.

ಆನ್ ಆಗುತ್ತಿಲ್ಲ ಅನ್ನುವುದರಲ್ಲೇ ಬೇರೆ ಬೇರೆ ಬಗೆ ಇದೆ. ಫ್ಯಾನ್ ತಿರುಗುತ್ತದೆ, ಪರದೆ ಕಪ್ಪು: ಇದಕ್ಕೆ ರ‍್ಯಾಮ್ (ಬೋರ್ಡಿನಲ್ಲಿ ಕೂರುವ ಮೆಮೊರಿ ಪಟ್ಟಿ) ತೆಗೆದು, ಅದರ ಹಳದಿ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸಿ ನೋಡಬೇಕು. ಪರದೆ ಬರುತ್ತದೆ, ವಿಂಡೋಸ್ ಬರುವುದಿಲ್ಲ: ಇದು ಹಾರ್ಡ್ ಡಿಸ್ಕಿನ ಕಡೆಯ ಗೋಳು. ನನ್ನದರಲ್ಲಿ ಫ್ಯಾನೂ ಇಲ್ಲ, ದೀಪವೂ ಇಲ್ಲ. ಅಂದರೆ ಕರೆಂಟ್ ಗೋಡೆಯಿಂದ ಹೊರಟು ನಡುವೆ ಎಲ್ಲೋ ನಿಂತಿದೆ. ಅದು ಬರುವ ದಾರಿಯಲ್ಲೇ ಹಿಂದೆ ಹಿಂದೆ ನಡೆದರೆ ಸಿಗಲೇಬೇಕು.

ಹೊರಗಿನದು ಬೇಗ ಮುಗಿಯಿತು. ಸಾಕೆಟ್ಟಿಗೆ ಮೊಬೈಲ್ ಚಾರ್ಜರ್ ಹಾಕಿ ನೋಡಿದೆ, ಸರಿ ಇತ್ತು. ಓಡುತ್ತಿರುವ ಕಂಪ್ಯೂಟರಿನ ಪವರ್ ಕೇಬಲ್ಲನ್ನೇ ಕಿತ್ತು ಇದಕ್ಕೆ ಹಾಕಿದೆ. ಕೇಬಲ್ ಸಿಗದಿದ್ದರೆ ಮಾನಿಟರಿನದನ್ನು ಹಾಕಬಹುದು, ಸಾಮಾನ್ಯವಾಗಿ ಎರಡೂ ಒಂದೇ ಥರ ಇರುತ್ತವೆ. ಸಿಪಿಯು ಡಬ್ಬಿಯ ಹಿಂದಿನ ಸಣ್ಣ ಸ್ವಿಚ್ಚನ್ನೂ ನೋಡಿದೆ. ಕಸ ಹೊಡೆಯುವಾಗ ಅದು ಆಫ್ ಆಗಿ, ಡಬ್ಬಿ ಹೊತ್ತುಕೊಂಡು ರಿಪೇರಿಗೆ ಹೋದವರನ್ನು ನೋಡಿದ್ದೇನೆ!

ಆಮೇಲೆ ಕೇಬಲ್ ಪೂರ್ತಿ ಕಿತ್ತು, ಪವರ್ ಬಟನ್ ಅರ್ಧ ನಿಮಿಷ ಒತ್ತಿ ಹಿಡಿದೆ. ಇದನ್ನು ಮಂತ್ರ ಅಂದುಕೊಂಡು ನಗುವವರಿದ್ದಾರೆ. ಕಾರಣ ಇದೆ. ವೋಲ್ಟೇಜ್ ಎರ‍್ರಾಬಿರ‍್ರಿಯಾದಾಗ ಎಸ್‌ಎಂಪಿಎಸ್ ತನ್ನನ್ನು ಉಳಿಸಿಕೊಳ್ಳಲು ತಾನೇ ಬಂದ್ ಆಗುತ್ತದೆ. ಒಳಗೆ ಉಳಿದ ಚಾರ್ಜ್ ಪೂರ್ತಿ ಇಳಿಯುವವರೆಗೆ ಕೆಲವು ಮತ್ತೆ ಏಳುವುದೇ ಇಲ್ಲ. ಕೇಬಲ್ ಕಿತ್ತು ಹತ್ತು ನಿಮಿಷ ಬಿಟ್ಟರೆ ಎಷ್ಟೋ ಕಂಪ್ಯೂಟರ್‌ಗಳು ಖರ್ಚಿಲ್ಲದೆ ಎದ್ದಿವೆ. ಇದು ಏಳಲಿಲ್ಲ.

ಡಬ್ಬಿ ಬಿಚ್ಚಿದೆ. ಧೂಳಿನ ಬಗ್ಗೆ ಹೇಳುವುದೇ ಬೇಡ, ನಮ್ಮೂರ ಬೇಸಿಗೆ ಗೊತ್ತಲ್ವಾ. ಮುಂದಿನ ಬಟನ್ನಿನ ವೈರು ಬೋರ್ಡಿಗೆ ಸೇರುವ ಕಡೆ ಎರಡು ಪಿನ್ನುಗಳಿವೆ. ವೈರು ತೆಗೆದು, ಕೇಬಲ್ ಮತ್ತೆ ಹಾಕಿ, ಆ ಎರಡಕ್ಕೆ ಸ್ಕ್ರೂಡ್ರೈವರ್ ತುದಿಯನ್ನು ಒಂದು ಕ್ಷಣ ಮುಟ್ಟಿಸಿದೆ. ಬಟನ್ ಕೆಟ್ಟಿದ್ದರೆ ಇದಕ್ಕೆ ಆನ್ ಆಗಬೇಕಿತ್ತು. ಆಗಲಿಲ್ಲ.

ಈಗ ವೋಲ್ಟ್ ಅಳೆಯುವ ಮಲ್ಟಿಮೀಟರ್. ಬೋರ್ಡಿಗೆ ಹೋಗುವ 24 ಪಿನ್ನಿನ ದೊಡ್ಡ ಪ್ಲಗ್ಗಿನಲ್ಲಿ ಒಂದು ನೇರಳೆ ವೈರ್ ಇರುತ್ತದೆ. ನಾನು ಎಲ್ಲಕ್ಕಿಂತ ಮೊದಲು ಅಳೆಯುವುದು ಅದನ್ನೇ. ಮೀಟರನ್ನು 20 ವೋಲ್ಟ್ ಡಿಸಿಗೆ ಇಟ್ಟು, ಕಪ್ಪು ಕಡ್ಡಿಯನ್ನು ಕಪ್ಪು ವೈರಿಗೆ, ಕೆಂಪು ಕಡ್ಡಿಯನ್ನು ನೇರಳೆ ವೈರಿನ ಹಿಂಬದಿಗೆ ಹಿಡಿದರೆ, ಕಂಪ್ಯೂಟರ್ ಆಫ್ ಇದ್ದಾಗಲೂ 5 ವೋಲ್ಟ್ ತೋರಿಸಬೇಕು. 4.75ರಿಂದ 5.25ರವರೆಗೆ ಸರಿ. ಈಗಿನ ಕೆಲವು ಎಸ್‌ಎಂಪಿಎಸ್‌ಗಳಲ್ಲಿ ಎಲ್ಲ ವೈರೂ ಕಪ್ಪು. ಆಗ 9ನೇ ಪಿನ್ ಹುಡುಕಬೇಕು. ನನ್ನದರಲ್ಲಿ ಮೀಟರ್ ಎರಡರ ಆಸುಪಾಸು ಕುಣಿಯುತ್ತಿತ್ತು.

ಇಷ್ಟಕ್ಕೇ ಎಸ್‌ಎಂಪಿಎಸ್ ಕೆಟ್ಟಿದೆ ಅನ್ನುವಂತಿಲ್ಲ. ಬೋರ್ಡಿನಲ್ಲಿ ಶಾರ್ಟ್ ಇದ್ದು ಅದು ವೋಲ್ಟೇಜನ್ನು ಕೆಳಗೆ ಎಳೆಯುತ್ತಿರಬಹುದು. ಕೇಬಲ್ ಕಿತ್ತೆ. ದೊಡ್ಡ ಪ್ಲಗ್, ಪ್ರೊಸೆಸರ್ ಹತ್ತಿರದ ಸಣ್ಣ ಪ್ಲಗ್, ಹಾರ್ಡ್ ಡಿಸ್ಕಿನದು, ಎಲ್ಲ ಬಿಡಿಸಿದೆ. ಎಸ್‌ಎಂಪಿಎಸ್ ಒಂದಕ್ಕೇ ಕರೆಂಟ್ ಕೊಟ್ಟು ಮತ್ತೆ ಅಳೆದೆ. ಈಗಲೂ ಅಷ್ಟೇ. ಅಲ್ಲಿಗೆ ಬೋರ್ಡಿನ ಮೇಲಿನ ಅನುಮಾನ ಹೋಯಿತು. ಎಸ್‌ಎಂಪಿಎಸ್‌ಗೆ ಆನ್ ಆಗು ಅಂತ ಹೇಳುವ ಹಸಿರು ವೈರನ್ನು, ಅಂದರೆ 16ನೇ ಪಿನ್ನನ್ನು, ಪಕ್ಕದ ಕಪ್ಪಿಗೆ ಒಂದು ತುಂಡು ತಂತಿಯಿಂದ ಸೇರಿಸಿದೆ. ಸರಿ ಇದ್ದರೆ ಎಸ್‌ಎಂಪಿಎಸ್ ಫ್ಯಾನ್ ತಿರುಗಬೇಕು. ಸ್ವಲ್ಪ ಮಿಸುಕಿ ನಿಂತಿತು. ಈ ಹಸಿರು-ಕಪ್ಪು ಪರೀಕ್ಷೆಯನ್ನೇ ಎಲ್ಲರೂ ದೊಡ್ಡದು ಮಾಡುತ್ತಾರೆ. ನನಗೆ ಅದರ ಮೇಲೆ ಅಷ್ಟು ನಂಬಿಕೆ ಇಲ್ಲ. ಫ್ಯಾನ್ ತಿರುಗಿದ ಮಾತ್ರಕ್ಕೆ ಲೋಡ್ ಹೊರುತ್ತದೆ ಅಂತಲ್ಲ. ಫ್ಯಾನ್ ತಿರುಗುವಾಗ ಅಳೆದರೆ ಹಳದಿ ವೈರಿನಲ್ಲಿ 12, ಕೆಂಪಿನಲ್ಲಿ 5, ಕಿತ್ತಳೆಯಲ್ಲಿ 3.3 ಬರಬೇಕು, ಶೇಕಡಾ 5ರಷ್ಟು ಹೆಚ್ಚುಕಡಿಮೆ ನಡೆಯುತ್ತದೆ.

ಹಾಗಾದರೆ ಹಿಂದಿನ ದಿನ ಸಂಜೆವರೆಗೆ ಅದು ಓಡಿದ್ದು ಹೇಗೆ? ನೇರಳೆ ವೈರಿನ 5 ವೋಲ್ಟ್ ಕೊಡುವ ಭಾಗಕ್ಕೆ ರಜೆ ಇಲ್ಲ. ಶಟ್‌ಡೌನ್ ಮಾಡಿದರೂ ಗೋಡೆ ಸ್ವಿಚ್ ಆನ್ ಇದ್ದರೆ ಅದು ಹಗಲುರಾತ್ರಿ ದುಡಿಯುತ್ತದೆ. ನನ್ನ ಅಂಗಡಿಗೆ ತಗಡಿನ ಮಾಡು, ಬೇಸಿಗೆಯಲ್ಲಿ ಒಳಗೆ ನಿಲ್ಲಲಾಗದ ಸೆಕೆ. ಆ ಬಿಸಿಗೆ ಎಸ್‌ಎಂಪಿಎಸ್‌ನ ಕೆಪಾಸಿಟರ್ (ಚಾರ್ಜ್ ಹಿಡಿದಿಡುವ ಸಣ್ಣ ಡಬ್ಬಿಯಂಥ ಬಿಡಿಭಾಗ) ಒಳಗಿನ ದ್ರವ ವರ್ಷಗಟ್ಟಲೆ ಒಣಗುತ್ತಾ ಬರುತ್ತದೆ. ಮುದಿ ಎತ್ತು ನೊಗ ಹೊತ್ತಿರುವಷ್ಟು ಹೊತ್ತು ನಡೆಯುತ್ತದೆ, ಒಮ್ಮೆ ಮಲಗಿತೆಂದರೆ ಏಳುವುದಿಲ್ಲ. ಇದೂ ಹಾಗೇ. ಬಿಸಿಯಾಗಿ ಓಡುತ್ತಿದ್ದದ್ದು ಕರೆಂಟ್ ಹೋಗಿ ತಣ್ಣಗಾಯಿತು, ಮತ್ತೆ ಏಳಲು ಕಸುವು ಇರಲಿಲ್ಲ.

ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ನಾನು ಬಿಚ್ಚುವುದಿಲ್ಲ. ಒಳಗೆ 230 ವೋಲ್ಟ್ ಎಸಿ ಹೋಗಿ ಸುಮಾರು 325 ವೋಲ್ಟ್ ಡಿಸಿ ಆಗುತ್ತದೆ. ಕೇಬಲ್ ಕಿತ್ತ ಮೇಲೂ ದೊಡ್ಡ ಕೆಪಾಸಿಟರ್ ಅದನ್ನು ಹಿಡಿದಿಟ್ಟುಕೊಂಡಿರಬಹುದು. ಟಿವಿ ರಿಪೇರಿ ಮಾಡುವ ಅಣ್ಣನಿಗೆ ಕೊಟ್ಟೆ. ಅವನು ಚಾರ್ಜ್ ಇಳಿಸಿ, ಬಿಚ್ಚಿ, ಒಂದು ಸಣ್ಣ ಕೆಪಾಸಿಟರ್ ತೋರಿಸಿದ: "ಇದರ ತಲಿ ಹೆಂಗ ಉಬ್ಬೇತಿ ನೋಡ್ರಿ ಅಣ್ಣಾರ." ಹಾಕಿ ಕೊಡುತ್ತೇನೆ ಅಂದ. ಅದು ಸ್ಪೇರ್‌ಗೆ ಇರಲಿ ಅಂತ ಅವನ ಹತ್ತಿರವೇ ಬಿಟ್ಟು, ಹೊಸದು ತಂದೆ. ಒಂದು ಒಣಗಿದ್ದರೆ ಪಕ್ಕದವೂ ಅದೇ ಸೆಕೆಯಲ್ಲಿ ಬೆಂದವೇ ಅಲ್ವಾ.

ಹೊಸದು ತರುವಾಗ ದೊಡ್ಡ ಅಕ್ಷರದ 450 ವ್ಯಾಟ್ ನೋಡಿ ಮರುಳಾಗಬೇಡಿ. ಪಕ್ಕದ ಪಟ್ಟಿಯಲ್ಲಿ 12 ವೋಲ್ಟಿಗೆ ಎಷ್ಟು ಆಂಪಿಯರ್ ಅಂತ ಬರೆದಿರುತ್ತದೆ. ಅಲ್ಲಿ 16 ಇದ್ದರೆ 12 ಸಲ 16, ಅಂದರೆ 192 ವ್ಯಾಟ್ ಮಾತ್ರ. ಪ್ರೊಸೆಸರೂ ಗ್ರಾಫಿಕ್ಸ್ ಕಾರ್ಡೂ ಮುಖ್ಯವಾಗಿ ತಿನ್ನುವುದು ಇದನ್ನೇ. ಕೆಲವು ಕಂಪನಿ ಕಂಪ್ಯೂಟರ್‌ಗಳಲ್ಲಿ ಪ್ಲಗ್ಗೂ ಡಬ್ಬಿಯ ಅಳತೆಯೂ ಬೇರೆ, ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಅಂಗಡಿಗೆ ಹೋಗುವುದು ಒಳ್ಳೆಯದು. ಕೂರಿಸುವಾಗ ಪ್ರೊಸೆಸರ್ ಹತ್ತಿರದ 4 ಅಥವಾ 8 ಪಿನ್ನಿನ ಪ್ಲಗ್ ಬಿಟ್ಟುಹೋದರೆ ಫ್ಯಾನ್ ತಿರುಗಿ ಪರದೆ ಕಪ್ಪಾಗಿಯೇ ಇರುತ್ತದೆ.

ಆನ್ ಆಯಿತು. ಆದರೆ ಎಫ್1 ಒತ್ತು ಅಂತ ಕೇಳಿತು. ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಹೋಗಿತ್ತು. ಇದು ಕಂಪ್ಯೂಟರಿನ ಗಡಿಯಾರಕ್ಕಾಗಿ ಬೋರ್ಡ್ ಮೇಲೆ ಇರುವ ಸಿಆರ್2032 ಸೆಲ್ ಮುಗಿದದ್ದರ ಗುರುತು. ಎಸ್‌ಎಂಪಿಎಸ್ ಜೀವಂತ ಇರುವಷ್ಟು ದಿನ ಗಡಿಯಾರ ನೇರಳೆ ವೈರಿನ ಕರೆಂಟಿನಲ್ಲೇ ಓಡುತ್ತದೆ, ಸೆಲ್ ಸತ್ತಿದ್ದು ಗೊತ್ತೇ ಆಗುವುದಿಲ್ಲ. ತಾರೀಖು ತಪ್ಪಿದ್ದರೆ ಅರ್ಜಿಯ ವೆಬ್‌ಸೈಟ್‌ಗಳು ಸುರಕ್ಷಿತ ಅಲ್ಲ ಅಂತ ತೋರಿಸಿ ತೆರೆಯುವುದಿಲ್ಲ. ಜನ ಸುಮ್ನೆ ಇಂಟರ್ನೆಟ್ಟನ್ನು ಬೈಯುತ್ತಾರೆ. ವಾಚಿನಂಗಡಿಯಿಂದ ಸೆಲ್ ತಂದು ಹಾಕಿದೆ.

ತಾರೀಖು ಸರಿ ಮಾಡಲು ಬಯಾಸ್ (ವಿಂಡೋಸ್‌ಗಿಂತ ಮೊದಲು ಬರುವ ಬೋರ್ಡಿನ ಸೆಟ್ಟಿಂಗ್) ಒಳಗೆ ಹೋದಾಗಲೇ, ಕರೆಂಟ್ ಬಂದ ತಕ್ಷಣ ತಾನೇ ಆನ್ ಆಗುವ ಆಯ್ಕೆಯನ್ನು ಆಫ್ ಮಾಡಿದೆ. ಕರೆಂಟ್ ಆಟ ಆಡುವ ಊರಿನಲ್ಲಿ ಅದು ಬೇಡವೇ ಬೇಡ. ವಿಂಡೋಸ್ ಬಂದ ಮೇಲೆ ಮೊದಲು ಗಿರಾಕಿಗಳ ಫೈಲುಗಳನ್ನು ಪೆನ್‌ಡ್ರೈವಿಗೆ ತೆಗೆದುಕೊಂಡು, ಆಮೇಲೆ ಡಿಸ್ಕ್ ಚೆಕ್ ಹಾಕಿದೆ. ಡಿಸ್ಕ್ ಪೆಟ್ಟು ತಿಂದಿದ್ದರೆ ಚೆಕ್ ಮಾಡುತ್ತಲೇ ಪೂರ್ತಿ ಮಲಗಬಹುದು, ಅದಕ್ಕೆ ಈ ಕ್ರಮ.

ಈಗ ಮೋಡ ಕಟ್ಟಿತೆಂದರೆ ಪ್ಲಗ್ ಜೊತೆಗೆ ಇಂಟರ್ನೆಟ್ಟಿನ ಲ್ಯಾನ್ ವೈರನ್ನೂ ಕೀಳುತ್ತೇನೆ. ಸಿಡಿಲಿನ ಹೊಡೆತ ತಾಮ್ರದ ವೈರು ಹಿಡಿದು ಅಲ್ಲಿಂದಲೂ ಬರುತ್ತದೆ, ಮತ್ತು ಆ ದಾರಿಯಲ್ಲಿ ಬಂದರೆ ಅದು ನೇರ ಬೋರ್ಡಿಗೇ.