ಸೆನ್ಸರ್ ತಪ್ಪು ರೀಡಿಂಗ್ ಕೊಡುತ್ತಿದೆಯೇ? ಬದಲಿಸುವ ಮೊದಲು ಇಷ್ಟು ಮಾಡಿ

ಕಾಲೇಜೊಂದರ ಲ್ಯಾಬ್‌ನಲ್ಲಿ ಕೊನೆಯ ವರ್ಷದ ಹುಡುಗರು 12 ವೋಲ್ಟ್‌ನ ನೀರಿನ ಪಂಪ್‌ಗೆ ಸೆನ್ಸರ್ ಕಟ್ಟಿದ್ದರು. ಸೆನ್ಸರ್‌ಗಳ ವೋಲ್ಟೇಜ್ ಓದಿ ಅಂಕಿಯಾಗಿ ಕೊಡುವುದು ಆರ್ಡುಯಿನೋ ಊನೋ ಎಂಬ ಪುಟ್ಟ ಬೋರ್ಡ್. ಎ0 ಪಿನ್‌ಗೆ ಪಂಪ್‌ನ ಬಿಸಿ ಅಳೆಯುವ ಎಲ್‌ಎಂ35, ಎ1ಗೆ ನೀರಿನ ಪ್ರೆಷರ್ ಅಳೆಯುವ ಸೆನ್ಸರ್. "ಪಂಪ್ ಆಫ್ ಮಾಡಿದ್ರೂ ಪ್ರೆಷರ್ ಮೈನಸ್‌ಗೆ ಹೋಗುತ್ತೆ ಸರ್, ಆಮೇಲೆ ತಾನೇ ಮೇಲೆ ಬರುತ್ತೆ" ಎಂದರು. ಆಗಲೇ ಎರಡು ಸೆನ್ಸರ್ ಬದಲಿಸಿ ಮೂರನೆಯದಕ್ಕೆ ದುಡ್ಡು ಕೂಡಿಸುತ್ತಿದ್ದರು. ಇಂಥದ್ದನ್ನು ಎಷ್ಟೋ ಕಡೆ ನೋಡಿದ್ದೇನೆ, ಪ್ರತಿ ಸಲವೂ ಬೇಜಾರಾಗುತ್ತದೆ. ಸೆನ್ಸರ್‌ಗೆ ಕೈ ಹಾಕಬೇಕಾದದ್ದು ಕೊನೆಯಲ್ಲಿ.

1. ಕಚ್ಚಾ ಅಂಕಿ ನೋಡಿ

ಡಿಗ್ರಿ, ಬಾರ್ (ಒತ್ತಡದ ಅಳತೆ) ಎಲ್ಲ ಪಕ್ಕಕ್ಕಿಡಿ. ಬೋರ್ಡ್ ಓದುತ್ತಿರುವ ಅಂಕಿಯನ್ನೇ ಸ್ಕ್ರೀನ್‌ಗೆ ತನ್ನಿ. ಊನೋದಲ್ಲಿ ಅದು 0ಯಿಂದ 1023ರವರೆಗೆ ಇರುತ್ತದೆ. 0ಯಿಂದ 5 ವೋಲ್ಟನ್ನು ಅಷ್ಟು ಮೆಟ್ಟಿಲಾಗಿ ಹಂಚಿದರೆ ಒಂದು ಮೆಟ್ಟಿಲು ಸುಮಾರು 4.9 ಮಿಲಿವೋಲ್ಟ್. ಆ ಪ್ರೆಷರ್ ಸೆನ್ಸರ್ ಒತ್ತಡವೇ ಇಲ್ಲದಾಗಲೂ 0.5 ವೋಲ್ಟ್ ಕೊಡುವಂಥದ್ದು. ಅಂದರೆ 102ರ ಆಸುಪಾಸು ಬರಬೇಕು. ಬರುತ್ತಿದ್ದದ್ದು 55. ಸೊನ್ನೆ ಒತ್ತಡಕ್ಕೂ ಒಂದಷ್ಟು ವೋಲ್ಟ್ ಇಟ್ಟಿರುವುದೇ ವಯರ್ ತುಂಡಾದರೆ ಗೊತ್ತಾಗಲಿ ಎಂದು. ಕಾರ್ಖಾನೆಗಳ 4-20 ಮಿಲಿಆಂಪ್ ಲೂಪ್‌ನಲ್ಲೂ (ಅಳತೆಯನ್ನು ವೋಲ್ಟ್ ಬದಲು ಕರೆಂಟಾಗಿ ಕಳಿಸುವ ವಯರಿಂಗ್) ಇದೇ ಉಪಾಯ: 4 ಅಂದರೆ ಸೊನ್ನೆ, 0 ಅಂದರೆ ವಯರ್ ಹೋಗಿದೆ.

2. ಸಿಗ್ನಲ್ ನಿಜಕ್ಕೂ ಒಳಗೆ ಬರುತ್ತಿದೆಯೇ?

ಜನ ಎಡವುವುದು ಇಲ್ಲೇ. ಸ್ವಲ್ಪ ನಿಧಾನವಾಗಿ ಓದಿ.

ಆ 55 ನೋಡಿ ನಾನು ಎ0 ಎಷ್ಟು ತೋರಿಸುತ್ತಿದೆ ಎಂದು ಕೇಳಿದೆ. ಅದೂ 55! ಎಲ್‌ಎಂ35 ಒಂದು ಡಿಗ್ರಿಗೆ 10 ಮಿಲಿವೋಲ್ಟ್ ಕೊಡುತ್ತದೆ. 27 ಡಿಗ್ರಿಗೆ 55 ಸರಿಯಾದ ಲೆಕ್ಕ. ಆ ಎಲ್‌ಎಂ35 ಅನ್ನು ಬೆರಳುಗಳ ನಡುವೆ ಹಿಡಿದುಕೊಂಡೆ. ಎ0 ಮೆಲ್ಲಗೆ 61ಕ್ಕೆ ಏರಿತು. ಹಿಂದೆಯೇ ಎ1 ಕೂಡ 61ಕ್ಕೆ ಬಂತು. ಹುಡುಗರು ಬಾಯಿ ಬಿಟ್ಟುಕೊಂಡು ನೋಡಿದರು. ಬಿಸಿಯಾಗಿದ್ದು ಒಂದು, ಏರಿದ್ದು ಎರಡು.

ಬೋರ್ಡಿನಲ್ಲಿ ಆರು ಅನಲಾಗ್ ಪಿನ್‌ಗಳಿದ್ದರೂ ಅಳೆಯುವ ಭಾಗ ಒಂದೇ. ಅದು ಪಿನ್‌ಗಳನ್ನು ಸರದಿಯ ಮೇಲೆ ಒಂದೊಂದಾಗಿ ಜೋಡಿಸಿಕೊಂಡು, ಪ್ರತಿಯೊಂದರ ವೋಲ್ಟೇಜನ್ನು ಒಂದು ಪುಟ್ಟ ಕೆಪಾಸಿಟರ್‌ಗೆ ತುಂಬಿಕೊಂಡು ಓದುತ್ತದೆ. ಎಲ್ಲರಿಗೂ ಒಂದೇ ಲೋಟ ಇದ್ದ ಹಾಗೆ. ಎ1ರಲ್ಲಿ ವಯರ್ ಗಟ್ಟಿಯಾಗಿ ಕೂತಿಲ್ಲದಿದ್ದರೆ ಅಲ್ಲಿಂದ ಲೋಟಕ್ಕೆ ಏನೂ ಬೀಳುವುದಿಲ್ಲ. ಹಿಂದೆ ಎ0 ತುಂಬಿಟ್ಟದ್ದೇ ಅಲ್ಲಿರುತ್ತದೆ, ಅದನ್ನೇ ಓದಿ ಪ್ರೆಷರ್ ಎನ್ನುತ್ತದೆ. ಲ್ಯಾಬ್‌ಗಳಲ್ಲಿ ಸೆನ್ಸರ್ ಓದಲು ಬಳಸುವ ದುಬಾರಿ ಡೇಟಾ ಕಾರ್ಡ್‌ಗಳಲ್ಲೂ ಬಹುಪಾಲು ಹೀಗೇ. ಎರಡು ಪಿನ್‌ನ ಅಂಕಿಗಳು ಅಣ್ಣತಮ್ಮಂದಿರ ಹಾಗೆ ಜೊತೆಯಾಗಿ ಏರಿಳಿದರೆ ಮೊದಲು ಸಡಿಲ ವಯರ್ ಹುಡುಕಿ.

ಖಚಿತ ಮಾಡಿಕೊಳ್ಳಲು ಸೆನ್ಸರ್‌ನ ಸಿಗ್ನಲ್ ವಯರ್ ತೆಗೆಯಿರಿ. ಪಿನ್ ಖಾಲಿ ಬಿಟ್ಟು ರೀಡಿಂಗ್ ನೋಡಬೇಡಿ, ಖಾಲಿ ಪಿನ್ ಏನು ಬೇಕಾದರೂ ಹೇಳುತ್ತದೆ. ಒಂದು ಗಿಡ್ಡ ವಯರ್‌ನಿಂದ ಎ1 ಪಿನ್ನನ್ನು ಬೋರ್ಡಿನ ಗ್ರೌಂಡ್‌ಗೆ (GND ಪಿನ್) ಜೋಡಿಸಿ. 0 ಬರಬೇಕು. ಆಮೇಲೆ ಒಂದು ಪೆನ್ಸಿಲ್ ಸೆಲ್ ತೆಗೆದುಕೊಂಡು ಮಲ್ಟಿಮೀಟರ್‌ನಲ್ಲಿ ಅಳೆದು, ಮೈನಸ್ಸನ್ನು ಗ್ರೌಂಡ್‌ಗೆ, ಪ್ಲಸ್ಸನ್ನು ಎ1ಗೆ ಕೊಡಿ. ಸೆಲ್ 1.5 ವೋಲ್ಟ್ ಇದ್ದರೆ 307 ಬರಬೇಕು. 9 ವೋಲ್ಟ್ ಬ್ಯಾಟರಿ ಮಾತ್ರ ತಾಗಿಸಬೇಡಿ, ಪಿನ್ ಸುಟ್ಟೇ ಹೋಗುತ್ತದೆ. ಎರಡೂ ಸರಿ ಬಂದರೆ ಬೋರ್ಡ್ ಚೆನ್ನಾಗಿದೆ, ತಪ್ಪಿರುವುದು ವಯರ್‌ನಲ್ಲೋ ಸೆನ್ಸರ್‌ನಲ್ಲೋ. ಸೆಲ್ ಅಂಕಿ ಸ್ವಲ್ಪ ಜಾಸ್ತಿ ಬಂತಾ? ಬೋರ್ಡ್ ತಾನು ಹೋಲಿಸಿ ಅಳೆಯುವ 5 ವೋಲ್ಟನ್ನೇ ಅಳೆದು ನೋಡಿ. ಕಳಪೆ ಯುಎಸ್‌ಬಿ ಕೇಬಲ್ ಇದ್ದರೆ ಅದು 4.7ಕ್ಕೆ ಇಳಿದಿರುತ್ತದೆ, ಆಗ ರೀಡಿಂಗ್ ಶೇ 6ರಷ್ಟು ಹೆಚ್ಚು ಬರುತ್ತದೆ.

ಪ್ಲಸ್-ಮೈನಸ್ ಎರಡು ಟರ್ಮಿನಲ್ ಇದ್ದು ಅವುಗಳ ನಡುವಿನ ವ್ಯತ್ಯಾಸ ಅಳೆಯುವ ಡಿಫರೆನ್ಷಿಯಲ್ ಕಾರ್ಡ್ ಇದ್ದರೆ ಒಂದು ಮಾತು. ಅಲ್ಲಿ ಎರಡನ್ನು ಶಾರ್ಟ್ ಮಾಡಿದರೆ ಸಾಲದು, ಕಾರ್ಡಿನ ಗ್ರೌಂಡ್‌ಗೂ ಕೂಡಿಸಬೇಕು. ಸೆಲ್, ಬಿಸಿ ಅಳೆಯುವ ಥರ್ಮೋಕಪಲ್‌ನಂಥವು ಎಲ್ಲಿಗೂ ಗ್ರೌಂಡ್ ಆಗಿರದಿದ್ದರೆ, ಮೈನಸ್‌ನಿಂದ ಗ್ರೌಂಡ್‌ಗೆ 10 ಕಿಲೋಓಮ್‌ನ ರೆಸಿಸ್ಟರ್ ಹಾಕಿ.

ನಮ್ಮ ಹುಡುಗರ ಬೋರ್ಡ್ ಎರಡೂ ಪರೀಕ್ಷೆ ಪಾಸಾಯಿತು. ವಯರ್ ಹಿಡಿದುಕೊಂಡು ಹೋದೆವು. ಮಧ್ಯದ ಹಸಿರು ಕನೆಕ್ಟರ್‌ನಲ್ಲಿ ವಯರ್ ಗಟ್ಟಿಯಾಗಿ ಕೂತ ಹಾಗೇ ಕಾಣುತ್ತಿತ್ತು, ಎಳೆದರೂ ಬರಲಿಲ್ಲ. ಸ್ಕ್ರೂ ಸಡಿಲ ಮಾಡಿ ತೆಗೆದರೆ, ಅದು ಒತ್ತಿ ಹಿಡಿದಿದ್ದದ್ದು ಮೇಲಿನ ಪ್ಲಾಸ್ಟಿಕ್ಕನ್ನು! ತಾಮ್ರ ತಾಗಿಯೇ ಇರಲಿಲ್ಲ. ಹಾಗಾಗಿ ಸುಮ್ನೆ ಎಳೆದು ನೋಡಿದರೆ ಸಾಲದು. ಪವರ್ ಆಫ್ ಮಾಡಿ ಮಲ್ಟಿಮೀಟರ್‌ನ ಬೀಪ್ ಇಟ್ಟು, ವಯರ್ ಅಲ್ಲಾಡಿಸುತ್ತಾ ನೋಡಿ. ತುದಿಗೆ ಲಗ್ (ತಾಮ್ರದ ಮೇಲೆ ಒತ್ತಿ ಕೂರಿಸುವ ಲೋಹದ ಟೊಪ್ಪಿ) ಹಾಕಿ. ಅಗ್ಗದ ಬಣ್ಣಬಣ್ಣದ ಜಂಪರ್ ವಯರ್‌ಗಳನ್ನು ದಯವಿಟ್ಟು ಬಿಟ್ಟುಬಿಡಿ. ಒಳಗೇ ತುಂಡಾಗಿ ಹೊರಗೆ ಚೆನ್ನಾಗಿ ಕಾಣುತ್ತವೆ.

3. ಈಗ ಪಂಪ್ ಆನ್ ಮಾಡಿ

ಆನ್ ಮಾಡಿದ ಕ್ಷಣ ಅಂಕಿ ಒಂದೇ ಸಮ ಮೇಲೆ ಹಾರಿದರೆ ಗ್ರೌಂಡ್ ನೋಡಿ. ಪಂಪ್ ಮತ್ತು ಸೆನ್ಸರ್ ಒಂದೇ ಸಣ್ಣ ವಯರ್‌ನಲ್ಲಿ ಗ್ರೌಂಡ್‌ಗೆ ಬಂದಿರುತ್ತವೆ. ಆ ವಯರ್‌ಗೆ 0.1 ಓಮ್ ಇದ್ದರೂ 2 ಆಂಪ್ ಹರಿದಾಗ 0.2 ವೋಲ್ಟ್ ಹುಟ್ಟುತ್ತದೆ, ಅಂದರೆ 40 ಮೆಟ್ಟಿಲು. ಪಂಪ್‌ಗೆ ಬೇರೆ ವಯರ್ ಎಳೆದು ಪವರ್ ಸಪ್ಲೈನಲ್ಲೇ ಕೂಡಿಸಿ. ಶೀಲ್ಡ್ ವಯರ್ (ಸುತ್ತ ಲೋಹದ ಹೊದಿಕೆ ಇರುವಂಥದ್ದು) ಇದ್ದರೆ ಶೀಲ್ಡನ್ನು ಬೋರ್ಡ್ ಇಲ್ಲವೇ ಕಾರ್ಡಿನ ಕಡೆ ಮಾತ್ರ ಗ್ರೌಂಡ್ ಮಾಡಿ.

ಲ್ಯಾಪ್‌ಟಾಪ್‌ನ ಚಾರ್ಜರ್ ಕೂಡ ತೆಗೆದು ನೋಡಿ. ಗದ್ದಲ, ಅಂದರೆ ಅಂಕಿಯ ಬೇಡದ ಕುಣಿತ, ನಿಂತರೆ ದಾರಿ ಸಿಕ್ಕಿತು. ಆದರೆ ತ್ರೀ ಪಿನ್ ಪ್ಲಗ್‌ನ ಅರ್ಥ್ ಪಿನ್ ಮುರಿದು "ಸರಿ ಮಾಡುವ" ಕೆಲಸವನ್ನು ಯಾರು ಹೇಳಿಕೊಟ್ಟರೂ ಮಾಡಬೇಡಿ. ಅದು ಜೀವ ಕಾಯುವ ಪಿನ್.

4. ನಿಧಾನವಾಗಿ ಉಸಿರಾಡುವ ಗೆರೆ

ನಮ್ಮ ಮನೆಯ ಕರೆಂಟು 50 ಹರ್ಟ್ಜ್, ಅಂದರೆ ಸೆಕೆಂಡಿಗೆ 50 ಅಲೆ. ಅದರ ಗದ್ದಲ ಹತ್ತಿರದ ಸೆನ್ಸರ್ ವಯರ್‌ಗೂ ಅಂಟುತ್ತದೆ. ಪ್ರೋಗ್ರಾಂನಲ್ಲಿ ಎರಡು ರೀಡಿಂಗ್ ನಡುವೆ 20 ಮಿಲಿಸೆಕೆಂಡ್ ಡಿಲೇ ಇಟ್ಟರೆ, ಬೇರೆ ಕೆಲಸದ ಹೊತ್ತೂ ಸೇರಿ ಸೆಕೆಂಡಿಗೆ 49 ಸಲ ಓದಿತು ಎನ್ನಿ. ಆಗ 50 ಹರ್ಟ್ಜ್‌ನ ಗದ್ದಲ ಸೆಕೆಂಡಿಗೆ ಒಂದೇ ಅಲೆಯಾಗಿ ಕಾಣುತ್ತದೆ, ನೀರಿನ ಒತ್ತಡವೇ ಏರಿಳಿಯುತ್ತಿದೆ ಎನ್ನುವ ಹಾಗೆ. ಡಿಲೇಯನ್ನು 13 ಮಾಡಿ ನೋಡಿ. ಅಲೆಯ ವೇಗ ಬದಲಾದರೆ ಅಲೆ ನೀರಿನದ್ದಲ್ಲ. ವಯರ್‌ಗಳನ್ನು ಕರೆಂಟ್ ವಯರ್‌ಗಳಿಂದ ದೂರ ತನ್ನಿ, ಸಿಗ್ನಲ್-ಗ್ರೌಂಡ್ ಎರಡನ್ನೂ ಜಡೆಯ ಹಾಗೆ ಹೆಣೆಯಿರಿ.

5. ಸರಾಸರಿ ಕೊನೆಗೆ

ಇಷ್ಟಾದ ಮೇಲೂ ಉಳಿದದ್ದಕ್ಕೆ, ಪೂರ್ತಿ 20 ಮಿಲಿಸೆಕೆಂಡ್ ಉದ್ದಕ್ಕೂ ಬೇಗಬೇಗ ಓದಿ ಸರಾಸರಿ ತೆಗೆಯಿರಿ, 50 ಹರ್ಟ್ಜ್ ತಾನೇ ಅಳಿಸಿಹೋಗುತ್ತದೆ. ಮೊದಲೇ ಸರಾಸರಿ ಹಾಕಿದ್ದರೆ ಸಡಿಲ ವಯರ್ ಕೂಡ ನುಣ್ಣಗಿನ ಗೆರೆಯಾಗಿ ಕಾಣುತ್ತಿತ್ತು, ಅಲ್ವಾ?

ವಯರ್‌ನ ತುದಿ ಸುಲಿದು, ಲಗ್ ಒತ್ತಿ, ಸ್ಕ್ರೂ ಬಿಗಿ ಮಾಡಿದೆವು. ಹುಡುಗರು ಹಾಳಾಗಿದೆ ಎಂದು ಡಬ್ಬಿಗೆ ಹಾಕಿದ್ದ ಎರಡು ಸೆನ್ಸರ್‌ಗಳನ್ನೂ ಒಂದಾದ ಮೇಲೊಂದು ಹಾಕಿ ನೋಡಿದೆವು. ಮೊದಲನೆಯದು 102. ಎರಡನೆಯದು 103.