ಆರ್ಕೇಡ್ ಮಾನಿಟರಿಗೆ ಗುಜರಿ ಟಿ.ವಿ.ಯ ಟ್ಯೂಬ್: ನನ್ನ ಅನುಭವ

"ನಾಣ್ಯ ಹಾಕಿ ಆಡುವ ಆರ್ಕೇಡ್ ಪೆಟ್ಟಿಗೆಯ ಟ್ಯೂಬೇ ಬೇರೆ, ನಮ್ಮ ಟಿ.ವಿ. ಟ್ಯೂಬೇ ಬೇರೆ. ಎಲ್‌ಸಿಡಿ ಕೂರಿಸಿ ಕೈತೊಳೆದುಕೊಳ್ಳಿ ಮಾರಾಯರೇ" ಎಂದು ಕಾಸರಗೋಡಿನ ಹಿರಿಯ ಮೆಕ್ಯಾನಿಕ್ ಒಬ್ಬರು ಹೇಳಿದ್ದರು. ಟಿ.ವಿ. ರಿಪೇರಿಯಲ್ಲಿ ತಲೆ ಹಣ್ಣಾದವರು, ನಾನು ಎದುರು ಮಾತನಾಡಲಿಲ್ಲ. ಈಗ ಉಪ್ಪಳದ ನನ್ನ ಅಂಗಡಿಯಲ್ಲಿ ಮೂರನೆಯ ಮಾನಿಟರ್ ಓಡುತ್ತಿದೆ. ಟ್ಯೂಬ್ ಕುಂಬಳೆಯ ಗುಜರಿಯದು, ಅದನ್ನು ಓಡಿಸುವ ಸರ್ಕ್ಯೂಟ್ ಬೋರ್ಡು, ಅಂದರೆ ಚಾಸಿ, ಅಮೆರಿಕದ್ದು. ಮೊನ್ನೆ ಅವರೇ ಬಂದು ಅರ್ಧ ಗಂಟೆ ಆಡಿ ಹೋದರು.

ಮಂಗಳೂರಿನ ಒಬ್ಬರು ಹಳೆಯ ಆಟದ ಪೆಟ್ಟಿಗೆಗಳನ್ನು ಗಲ್ಫಿನಿಂದ ಕಂಟೇನರಿನಲ್ಲಿ ತರಿಸಿದ್ದರು. ಅದರಲ್ಲೊಂದು ಪ್ಯಾಕ್-ಮ್ಯಾನ್. 1980ರ ಆ ಆಟದಲ್ಲಿ ಗೋಡೆಗಳು ಒಂದೇ ಜಾಗದಲ್ಲಿ ಕದಲದೆ ನಿಂತಿರುತ್ತವಾದ್ದರಿಂದ ಟ್ಯೂಬಿನ ಒಳಗೆ ಬೆಳಕು ಕೊಡುವ ಫಾಸ್ಫರ್ ಲೇಪ ಅದೇ ಗೆರೆಯಲ್ಲಿ ಸುಟ್ಟುಹೋಗುತ್ತದೆ. ಕರೆಂಟ್ ತೆಗೆದ ಮೇಲೂ ಗಾಜಿನಲ್ಲಿ ಇಡೀ ಚಕ್ರವ್ಯೂಹವನ್ನು ಬೆರಳಿಟ್ಟು ತೋರಿಸಬಹುದಿತ್ತು. ಕೆಂಪು ಬಣ್ಣದ ಗನ್ನಿನ ಎಮಿಷನ್, ಅಂದರೆ ಎಲೆಕ್ಟ್ರಾನ್ ಹೊರಹಾಕುವ ಶಕ್ತಿ ಕೂಡ ಸತ್ತಿತ್ತು. ವಿದೇಶದಿಂದ ಟ್ಯೂಬ್ ತರಿಸೋಣವೆಂದರೆ ಗಾಜಿಗಿಂತ ಸಾಗಣೆಯೇ ದುಬಾರಿ. ಎಲ್ಲ ಸೇರಿ ಮೂವತ್ತು ಸಾವಿರ ದಾಟುತ್ತಿತ್ತು, ಅದೂ ಒಡೆಯದೆ ಬಂದರೆ. ಗಾಜಿಯಾಬಾದಿನ ಸ್ಯಾಮ್‌ಟೆಲ್, ಮೊಹಾಲಿಯ ಜೆಸಿಟಿ ಎಲ್ಲ ಟ್ಯೂಬ್ ತಯಾರಿಕೆ ನಿಲ್ಲಿಸಿ ಕಾಲವಾಯಿತು. ಉಳಿದದ್ದು ಗುಜರಿ ಅಂಗಡಿ ಮಾತ್ರ.

ಅಳತೆಯ ಬಗ್ಗೆ ಎಲ್ಲರೂ ತಪ್ಪು ತಿಳಿದಿದ್ದಾರೆ. ಅಮೆರಿಕದವರು 19 ಇಂಚು ಎಂದು ಬರೆದರೆ ಅದು ಕಣ್ಣಿಗೆ ಕಾಣುವ ಚಿತ್ರದ ಅಳತೆ. ನಾವು 20 ಇಂಚು ಎಂದು ಕೊಂಡ ಟಿ.ವಿ.ಯ ಟ್ಯೂಬಿನ ಮೇಲೆ ಎ48 ಎಂದು ಶುರುವಾಗುವ ನಂಬರ್ ಇರುತ್ತದಲ್ಲ, ಆ 48 ಎಂದರೆ ಕಾಣುವ ಚಿತ್ರ 48 ಸೆಂಟಿಮೀಟರ್. ಲೆಕ್ಕ ಹಾಕಿ, 19 ಇಂಚೇ ಬರುತ್ತದೆ! ಲೈನ್ ಫ್ರೀಕ್ವೆನ್ಸಿ, ಅಂದರೆ ಸೆಕೆಂಡಿಗೆ ಎಳೆಯುವ ಗೆರೆಗಳ ಲೆಕ್ಕವೂ ಹತ್ತಿರ ಹತ್ತಿರ: ನಮ್ಮ ಟಿ.ವಿ.ಯದು 15,625 ಹರ್ಟ್ಸ್, ಅಮೆರಿಕದ್ದು 15,734. ಗಾಜಿಗೆ ಪಾಸ್‌ಪೋರ್ಟ್ ಇರುವುದಿಲ್ಲ ಎಂದು ನಾನು ಹೇಳುವುದು ಇದಕ್ಕೇ.

ನೋಡಬೇಕಾದದ್ದು ನೆಕ್, ಅಂದರೆ ಟ್ಯೂಬಿನ ಹಿಂಬದಿಯ ಕೊರಳು. ದಪ್ಪ ನೆಕ್ 29 ಮಿಲಿಮೀಟರ್, ಸಣ್ಣದು 22.5. ದಪ್ಪದ ಹೀಟರ್ (ಗನ್ನನ್ನು ಕಾಯಿಸುವ ತಂತಿ) 600-700 ಮಿಲಿಆಂಪಿಯರ್ ಎಳೆದರೆ ಸಣ್ಣದು 300ರ ಆಸುಪಾಸು. ವೋಲ್ಟೇಜ್ ಎರಡಕ್ಕೂ 6.3 ಆದರೂ ಅದಲುಬದಲು ಮಾಡಲು ಹೋಗಬೇಡಿ. ಹೀಟರಿಗೆ ಎಲ್‌ಒಟಿಯಿಂದ (ಲೈನ್ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನಿಂದ) ಬರುವುದು ಪಲ್ಸ್. ಸಾಧಾರಣ ಮೀಟರ್ ಅಲ್ಲಿ ಬಾಯಿಗೆ ಬಂದದ್ದು ಹೇಳುತ್ತದೆ. ಪಲ್ಸನ್ನೂ ಸರಿಯಾಗಿ ಅಳೆಯುವ ಟ್ರೂ ಆರ್‌ಎಂಎಸ್ ಮೀಟರಿಗೆ ಐದು ಸಾವಿರ ಚೆಲ್ಲಿದೆ, ಮನೆಯಲ್ಲಿ ಇಂದಿಗೂ ಲೆಕ್ಕ ಕೊಟ್ಟಿಲ್ಲ.

ಗುಜರಿಯವರಿಗೆ ಬೇಕಾದದ್ದು ಯೋಕಿನ, ಅಂದರೆ ನೆಕ್ಕಿನ ಮೇಲೆ ಕೂತು ಎಲೆಕ್ಟ್ರಾನ್ ಕಿರಣವನ್ನು ತಿರುಗಿಸುವ ಸುರುಳಿಯ ತಾಮ್ರ. ಸುತ್ತಿಗೆಯಲ್ಲಿ ಒಂದು ಬಡಿದು ಯೋಕ್ ಕೀಳುತ್ತಾರೆ, ನೆಕ್ ಮುರಿಯುತ್ತದೆ, ಅಲ್ಲಿಗೆ ಟ್ಯೂಬಿನ ಆಯುಸ್ಸು ಮುಗಿಯಿತು. ನೆಕ್ಕಿನ ಒಳಗೆ ಬೆಳ್ಳಿಯಂತೆ ಹೊಳೆಯಬೇಕಾದ ಗೆಟರ್ (ಉಳಿದ ಗಾಳಿಯನ್ನು ಹೀರುವ ಲೋಹ) ಕಲೆ ಹಾಲುಬಿಳಿಯಾಗಿದ್ದರೆ ಗಾಳಿ ಹೊಕ್ಕಿದೆ ಎಂದರ್ಥ, ಮುಟ್ಟಲೂ ಬೇಡಿ. "ಕಾಕ, ಬಡಿಯುವ ಮೊದಲು ನನಗೊಂದು ಫೋನ್ ಮಾಡಿ, ತಾಮ್ರದ ದುಡ್ಡು ಪ್ರತ್ಯೇಕ ಕೊಡುತ್ತೇನೆ" ಎಂದ ಮೇಲೆ ಇಡೀ ಟಿ.ವಿ.ಗಳು ಸಿಗತೊಡಗಿದವು. ಶುರುವಿಗೆ ಒಂದಕ್ಕೆ 300 ರೂಪಾಯಿ. ನನ್ನ ಗರಜು ಗೊತ್ತಾದ ಮೇಲೆ 500.

"ಟ್ಯೂಬ್ ಮತ್ತು ಯೋಕ್ ಫ್ಯಾಕ್ಟರಿ ಜೋಡಿ, ಬಿಡಿಸಬಾರದು" ಎಂಬುದು ಕಸುಬಿನವರೆಲ್ಲರ ಬುದ್ಧಿಮಾತು. ಮೊದಲ ಮಾನಿಟರಿಗೆ ಹಾಗೆಯೇ ಟಿ.ವಿ.ಯ ಯೋಕನ್ನೂ ಸೇರಿಸಿ ಕೂರಿಸಿದ್ದೆ. ಆ ಚಾಸಿಯ ಸ್ವಂತ ಯೋಕಿನ ವರ್ಟಿಕಲ್ ಸುರುಳಿ ಹತ್ತು ಓಮಿನ ಹತ್ತಿರವಿದ್ದರೆ ಟಿ.ವಿ.ಯದು ಮೂವತ್ತರ ಮೇಲೆ. ಚಿತ್ರ ನಡುವೆ ಪಟ್ಟಿಯಂತೆ ಕುಗ್ಗಿ ಕೂತಿತು. ಹಾರಿಜಾಂಟಲ್ ಸುರುಳಿಯೂ ಹೊಂದದೆ ಲೈನ್ ಔಟ್‌ಪುಟ್ ಟ್ರಾನ್ಸಿಸ್ಟರ್ ಕೈ ಇಡಲಾಗದಷ್ಟು ಬಿಸಿಯಾಗಿ, ಹತ್ತು ನಿಮಿಷಕ್ಕೆ ಶಾರ್ಟ್. ಇನ್ನೊಂದು ಹಾಕಿದರೆ ಅದೂ ಅದೇ ದಾರಿ. ಒಂದಕ್ಕೆ ನೂರು ರೂಪಾಯಿಯಂತೆ ಲೆಕ್ಕ ಹಾಕಿದರೆ ಬುದ್ಧಿಮಾತಿಗೆ ನಾನು ಕೊಟ್ಟ ಶುಲ್ಕ ಕಡಿಮೆಯೇನಲ್ಲ.

ಹಾಗಾಗಿ ಜೋಡಿ ಬಿಡಿಸಿದೆ. ಮಾನಿಟರಿನ ಯೋಕನ್ನೇ ಊರಿನ ಟ್ಯೂಬಿಗೆ ಹಾಕಿದೆ. ಚಾಸಿ ಮತ್ತು ಯೋಕ್ ಒಂದಕ್ಕೊಂದು ಹೊಂದಿದ್ದರೆ ಸಾಕು, ಗಾಜನ್ನು ದಾರಿಗೆ ತರಬಹುದು. ಯೋಕಿನ ಬೆಣೆಗಳನ್ನು ಹಿಡಿದಿರುವ ಹಳೆಯ ಅಂಟು ಕಲ್ಲಿನಷ್ಟು ಗಟ್ಟಿ. ಬ್ಲೇಡ್ ಹಾಕಿದರೆ ನೆಕ್ ಸೀಳುವ ಭಯ. ಅದನ್ನು ಬಿಡಿಸಲು ನಾನು ಏನು ಹಚ್ಚುತ್ತೇನೆ ಎಂದು ಹೇಳುವುದಿಲ್ಲ, ಅಡುಗೆಮನೆಯಲ್ಲಿ ಇರುವ ವಸ್ತು ಎಂಬಷ್ಟು ಸುಳಿವು ಸಾಕು. ನೆಕ್ ಬೋರ್ಡಿನ ಸಾಕೆಟ್ ಹೊಂದದಿದ್ದರೆ ಟಿ.ವಿ.ಯದ್ದನ್ನೇ ಕಿತ್ತು, ಪಿನ್ ಪಿನ್ ನೋಡಿ ವಯರ್ ಎಳೆದುಕೊಳ್ಳಬೇಕು. ಟ್ಯೂಬಿನ ಹಿಂಬದಿಯ ಕಪ್ಪು ಲೇಪದ ಮೇಲೆ ಹಾಯುವ ಅರ್ಥ್ ಜಡೆಯನ್ನು ಹಳೆಯದರಿಂದ ಬಿಚ್ಚಿ ಹೊಸದಕ್ಕೆ ಕಟ್ಟಲೇಬೇಕು. ಆನೋಡ್ ಡಿಸ್ಚಾರ್ಜ್ ಮಾಡುವುದನ್ನು, ಅಂದರೆ ಟ್ಯೂಬಿನಲ್ಲಿ ಉಳಿದ ಹೈವೋಲ್ಟೇಜನ್ನು ಇಳಿಸುವುದನ್ನು ನಿಮಗೆ ಹೇಳಿಕೊಡಬೇಕಾಗಿಲ್ಲ.

ನಿಜವಾದ ಕೆಲಸ ಆಮೇಲೆ. ಕೆಂಪು ಒಂದನ್ನೇ ಉಳಿಸಿ, ಯೋಕನ್ನು ಹಿಂದಕ್ಕೆ ಎಳೆದು, ನೆಕ್ಕಿನ ಮೇಲಿನ ಅಯಸ್ಕಾಂತದ ಉಂಗುರಗಳಲ್ಲಿ ಎರಡು ಪೋಲಿನವುಗಳಿಂದ ಕೆಂಪು ಗುಡ್ಡೆಯನ್ನು ನಡುವೆ ತಂದು, ಪರದೆ ಪೂರ್ತಿ ಕೆಂಪಾಗುವವರೆಗೆ ಯೋಕನ್ನು ಮುಂದಕ್ಕೆ ತಳ್ಳಬೇಕು. ಆಮೇಲೆ ಚೌಕುಳಿ ಗೆರೆಗಳ ಚಿತ್ರ. ನಾಲ್ಕು ಪೋಲಿನ ಉಂಗುರ ಕೆಂಪು-ನೀಲಿಯನ್ನು ಒಂದುಗೂಡಿಸುತ್ತದೆ, ಆರು ಪೋಲಿನದು ಆ ಜೋಡಿಯನ್ನು ಹಸಿರಿನ ಮೇಲೆ ಕೂರಿಸುತ್ತದೆ. ನಡುವಿನ ಗೆರೆಗಳು ಬೆಳ್ಳಗಾದವು, ಆದರೆ ಎಡಗಡೆಯ ಕೆಳಮೂಲೆಯಲ್ಲಿ ಕೆಂಪು ಗೆರೆ ಒಂದೂವರೆ ಮಿಲಿಮೀಟರ್ ಹೊರಗೆ ಇಣುಕುತ್ತಿತ್ತು. ಬೆಣೆಯನ್ನು ಉಗುರಿನಷ್ಟು ಒಳಗೆ ತಳ್ಳಿದರೆ ಆ ಮೂಲೆ ಸರಿ, ಎದುರಿನ ಮೂಲೆ ಹಾಳು. ಕೊನೆಗೆ ಗುಜರಿ ಟ್ಯೂಬುಗಳ ನೆಕ್ಕಿನಿಂದ ಬಿಡಿಸಿಟ್ಟ ತೆಳು ಲೋಹದ ಪಟ್ಟಿಯನ್ನು ಯೋಕಿನ ಅಡಿಗೆ ಸರಿಸಿದಾಗ ಕೆಂಪು ಒಳಗೆ ಬಂತು. ಅದನ್ನು ಎಷ್ಟು ಓರೆಯಾಗಿ ಹಿಡಿಯಬೇಕು ಎಂಬುದು ಕೈಗೆ ಬರಬೇಕು, ಬರೆದು ತಿಳಿಸುವಂತಹದ್ದಲ್ಲ. ಪ್ಯಾಕ್-ಮ್ಯಾನಿನಲ್ಲಿ ಟ್ಯೂಬ್ ಮಗ್ಗುಲಿಗೆ ತಿರುಗಿ ಉದ್ದಕ್ಕೆ ನಿಲ್ಲುವುದರಿಂದ ಪೆಟ್ಟಿಗೆಯೊಳಗೆ ಇಟ್ಟ ಮೇಲೆ ಮತ್ತೊಮ್ಮೆ ಡಿಗಾಸ್ ಮಾಡಿದೆ, ಅಂದರೆ ಅಂಟಿಕೊಂಡ ಕಾಂತತ್ವ ಕಳೆದೆ. ಹಳೆಯ ಟಿ.ವಿ.ಯ ಡಿಗಾಸ್ ಸುರುಳಿಗೆ ಸೀರಿಸಿನಲ್ಲಿ 100 ವಾಟಿನ ಬಲ್ಬ್, ಖರ್ಚಿಲ್ಲ.

ನಡುವೆ ಹಳೆಯ ಟ್ಯೂಬನ್ನೇ ಬದುಕಿಸುವ ಪ್ರಯೋಗವೂ ನಡೆಯಿತು. ಹೀಟರಿಗೆ ಎಂಟೊಂಬತ್ತು ವೋಲ್ಟ್ ಕೊಟ್ಟು ಕಾಯಿಸಿದರೆ ಕೆಂಪು ಎದ್ದುಬಂತು, ಒಂದು ತಿಂಗಳೂ ನಿಲ್ಲಲಿಲ್ಲ. ಹೀಗೆ ಟ್ಯೂಬ್ ಬದುಕಿಸುವ ರಿಜುವನೇಟರ್ ಯಂತ್ರ ಕೊಳ್ಳಲು ಹೊರಟವರು ಆ ದುಡ್ಡಿಗೆ ಗುಜರಿ ಟಿ.ವಿ. ಕೊಳ್ಳುವುದು ಒಳ್ಳೆಯದು. ಇನ್ನು ಕಡಲಬದಿಯ ಉಪ್ಪುಗಾಳಿ. ಮಳೆ ಶುರುವಾದೊಡನೆ ಆನೋಡ್ ಟೊಪ್ಪಿಯ ಸುತ್ತ ಚರಚರ ಸದ್ದು ಬರುತ್ತದೆ. ಸ್ಪಿರಿಟ್‌ನಲ್ಲಿ ಒರೆಸಿ, ಒಣಗಿಸಿ, ಸಿಲಿಕೋನ್ ಗ್ರೀಸ್ ಹಚ್ಚಿದರೆ ನಿಲ್ಲುತ್ತದೆ.

ಮೊದಲನೆಯದಕ್ಕೆ ಸತ್ತ ಬಿಡಿಭಾಗಗಳೂ ಸೇರಿ ನಾಲ್ಕು ಸಾವಿರದಷ್ಟು ಹೋಗಿರಬೇಕು, ಮೀಟರ್ ಬೇರೆ. ಮೂರನೆಯದು ಸಾವಿರದೊಳಗೆ ಮುಗಿಯಿತು. ಮಂಗಳೂರಿನವರಿಂದ ಒಂದಕ್ಕೆ ಎಂಟು ಸಾವಿರ ತೆಗೆದುಕೊಂಡೆ, ಚೌಕಾಸಿ ಮಾಡಲಿಲ್ಲ ಎಂದಾಗ ಕಡಿಮೆ ಹೇಳಿದೆನೇನೋ ಅನ್ನಿಸಿತು. ಈಗ ಅವರಿಗೆ 25 ಇಂಚಿನದು ಬೇಕಂತೆ. ದಪ್ಪ ನೆಕ್ಕಿನ 25 ಇಂಚಿನ ಟಿ.ವಿ. ಮಂಜೇಶ್ವರದಿಂದ ಕಾಸರಗೋಡಿನವರೆಗೆ ಯಾರ ಅಟ್ಟದಲ್ಲಿದ್ದರೂ ಗುಜರಿಗೆ ಹಾಕುವ ಮೊದಲು ನನ್ನ ಅಂಗಡಿಗೆ ತನ್ನಿ. 700 ಕೊಡುತ್ತೇನೆ, ಯೋಕ್ ಇಲ್ಲದಿದ್ದರೂ ಅಡ್ಡಿಯಿಲ್ಲ, ನೆಕ್ ಇರಲಿ.