ಅರ್ಧಕ್ಕೆ ಬಿಟ್ಟು ಏಳಬಹುದಾದ ಹವ್ಯಾಸ

"ಕೈಯಲ್ಲೇ ಮಾಡಿದ್ದಾ? ಇಷ್ಟಕ್ಕೆಲ್ಲ ಪುರುಸೊತ್ತು ಎಲ್ಲಿ ಸಿಗುತ್ತೆ ನಿಮಗೆ?" ಯಾರಿಗಾದರೂ ಗ್ರೀಟಿಂಗ್ ಕಾರ್ಡ್ ಕೊಟ್ಟರೆ ಮೊದಲು ಬರುವ ಮಾತು ಇದೇ. ನಿಜ ಹೇಳಬೇಕೆಂದರೆ ಪುರುಸೊತ್ತು ಸಿಗುವುದಿಲ್ಲ. ಆಫೀಸು, ಅಡುಗೆಮನೆ, ಮಗಳ ಹೋಂವರ್ಕು, ಅತ್ತೆಯವರ ಮಾತ್ರೆ, ಔಷಧಿ ಇವೆಲ್ಲದರ ನಡುವೆ ಸಿಗುವುದು ಹತ್ತು ಹದಿನೈದು ನಿಮಿಷ. ಅದೂ ಯಾರಾದರೂ ಕರೆಯುವ ತನಕ.

ಹಾಗಾಗಿ ನನ್ನ ಹವ್ಯಾಸಕ್ಕೆ ಒಂದೇ ನಿಯಮ ಇಟ್ಟುಕೊಂಡಿದ್ದೇನೆ. ಕೆಲಸ ಯಾವ ಹಂತದಲ್ಲಿದ್ದರೂ ಬಿಟ್ಟು ಏಳಲು ಆಗಬೇಕು, ವಾಪಸ್ ಬಂದಾಗ ಅಲ್ಲಿಂದಲೇ ಮುಂದುವರಿಯಬೇಕು. ಕಾಗದ, ಅಂಟು, ಬಣ್ಣ, ವಿನ್ಯಾಸ ಎಲ್ಲವನ್ನೂ ನಾನು ಈ ಒಂದು ಅಳತೆಗೋಲಿನಿಂದಲೇ ಆರಿಸಿದ್ದು.

ಇದಕ್ಕಾಗಿ ನಾನು ಮೊದಲು ಮಾಡಿದ್ದು ಕಾರ್ಡಿನ ಕೆಲಸವನ್ನು ಬಿಡಿ ಬಿಡಿ ಹಂತಗಳಾಗಿ ಒಡೆದುಕೊಂಡದ್ದು. ಒಂದು ಕಾರ್ಡನ್ನು ಕೂತು ಶುರುವಿನಿಂದ ಕೊನೆಯವರೆಗೆ ಮಾಡುವುದಿಲ್ಲ. ಕತ್ತರಿಸುವ ದಿನ ಬರೀ ಕತ್ತರಿಸುವುದು. ಇನ್ನೊಂದು ದಿನ ಮಡಿಸುವುದು. ಬಣ್ಣ ಬೇರೆ ದಿನ, ಅಂಟಿಸುವುದು ಬೇರೆ ದಿನ. ಅಮೆರಿಕದ ವೂಸ್ಟರ್ ಊರಿನಲ್ಲಿ 1840ರ ದಶಕದ ಕೊನೆಗೆ ಎಸ್ತರ್ ಹೌಲ್ಯಾಂಡ್ ಎಂಬಾಕೆ ವ್ಯಾಲೆಂಟೈನ್ ಕಾರ್ಡ್ ಮಾಡುವ ಕೆಲಸ ಶುರುಮಾಡಿದಳು. ತನ್ನ ಮನೆಯಲ್ಲೇ ಗೆಳತಿಯರನ್ನು ಕೂರಿಸಿ, ಒಬ್ಬರು ಕತ್ತರಿಸುವುದು, ಇನ್ನೊಬ್ಬರು ಅಂಟಿಸುವುದು ಹೀಗೆ ಕೆಲಸ ಹಂಚಿಕೊಟ್ಟಿದ್ದಳು. ನನ್ನದೂ ಅದೇ ಪದ್ಧತಿ. ಅವಳ ಮೇಜಿನ ಸುತ್ತ ಬೇರೆ ಬೇರೆ ಜನ ಇದ್ದರು, ನನ್ನ ಮೇಜಿಗೆ ಬೇರೆ ಬೇರೆ ದಿನ ನಾನೊಬ್ಬಳೇ ಬಂದು ಕೂರುತ್ತೇನೆ, ಅಷ್ಟೇ.

ಎಲ್ಲ ಸಾಮಾನೂ ಒಂದು ಅಗಲವಾದ ಟ್ರೇನಲ್ಲಿ ಇರುತ್ತದೆ. ಸ್ಟೀಲ್ ಸ್ಕೇಲು, ಕಟರ್, ಕತ್ತರಿ, ಪೆನ್ಸಿಲ್, ಇಂಕ್ ಮುಗಿದ ಒಂದು ಬಾಲ್ ಪೆನ್, ಗ್ಲೂ ಸ್ಟಿಕ್, ಡಬಲ್ ಸೈಡ್ ಟೇಪ್. ಊಟದ ಮೇಜು ಖಾಲಿ ಮಾಡು ಎಂದರೆ ಟ್ರೇ ಎತ್ತಿ ಬೀರುವಿನ ಮೇಲಿಟ್ಟರೆ ಆಯಿತು. ಹವ್ಯಾಸಕ್ಕೆ ಅಂತಲೇ ಒಂದು ಕೋಣೆ, ಒಂದು ಮೇಜು ಇರಬೇಕು ಎಂದು ಕಾಯುತ್ತಾ ಕೂತವರು ಶುರುವನ್ನೇ ಮಾಡುವುದಿಲ್ಲ. ಕಟರ್ ಮಾತ್ರ ಟ್ರೇನಲ್ಲೂ ಬ್ಲೇಡ್ ಒಳಗೆ ಎಳೆದು ಮುಚ್ಚಿದ ಡಬ್ಬಿಯಲ್ಲೇ ಇರಬೇಕು. ಮಕ್ಕಳಿರುವ ಮನೆಯಲ್ಲಿ ಇದಕ್ಕೆ ಯಾವ ರಿಯಾಯಿತಿಯೂ ಇಲ್ಲ.

ಕಾಗದದ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ಕಾರ್ಡು ಚೆನ್ನಾಗಿ ಕಾಣುವುದೂ ಕೆಡುವುದೂ ಬಹುಪಾಲು ಇಲ್ಲೇ. ಪ್ರಿಂಟರ್‌ಗೆ ಹಾಕುವ ಕಾಗದ ಸಾಮಾನ್ಯವಾಗಿ 80 ಜಿಎಸ್ಎಂ. ಅಂದರೆ ಒಂದು ಚದರ ಮೀಟರ್ ಕಾಗದ 80 ಗ್ರಾಂ ತೂಗುತ್ತದೆ. ಅದರಲ್ಲಿ ಕಾರ್ಡ್ ಮಾಡಿದರೆ ನಿಲ್ಲಿಸಿದ ತಕ್ಷಣ ಸೊಂಟ ಬಿದ್ದುಹೋಗುತ್ತದೆ. ನಾನು ತರುವುದು 220ರಿಂದ 250 ಜಿಎಸ್ಎಂ ಕಾರ್ಡ್ ಶೀಟ್. ನೀರಿನ ಬಣ್ಣ ಹಚ್ಚುವುದಿದ್ದರೆ 300 ಜಿಎಸ್ಎಂ ವಾಟರ್‌ಕಲರ್ ಕಾಗದ. ಅದಕ್ಕಿಂತ ದಪ್ಪ ಆದರೆ ಮಡಿಸುವುದೇ ಒಂದು ಜಗಳ.

ಇನ್ನು ಕಾಗದದ ಎಳೆ. ಬಟ್ಟೆಗೆ ಹಾಸು ಹೊಕ್ಕು ಇರುವ ಹಾಗೆ ಯಂತ್ರದಲ್ಲಿ ತಯಾರಾದ ಕಾಗದಕ್ಕೂ ಒಂದು ದಿಕ್ಕು ಇರುತ್ತದೆ. ನಾರುಗಳು ಹೆಚ್ಚಾಗಿ ಒಂದೇ ಕಡೆ ಮಲಗಿರುತ್ತವೆ. ಆ ದಿಕ್ಕಿಗೆ ಮಡಿಸಿದರೆ ಮಡಿಕೆ ನೀಟಾಗಿ ಬರುತ್ತದೆ. ಅಡ್ಡಡ್ಡ ಮಡಿಸಿದರೆ ಬೆನ್ನು ಸೀಳಿ ಬಿಳಿ ನಾರು ಕಾಣುತ್ತದೆ. ಕಡು ಬಣ್ಣದ ಕಾರ್ಡಿನಲ್ಲಂತೂ ಎದ್ದು ಕಾಣುತ್ತದೆ. ದಿಕ್ಕು ತಿಳಿಯುವುದು ಸುಲಭ. ಹಾಳೆಯನ್ನು ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ ಮೆಲ್ಲಗೆ ಬಗ್ಗಿಸಿ, ಮಡಿಸಬೇಡಿ. ಯಾವ ಕಡೆ ಕಡಿಮೆ ಎದುರು ಕೊಡುತ್ತದೋ ಆ ಬಾಗು ಎಳೆಯ ಜೊತೆಗಿದೆ ಎಂದರ್ಥ.

ಎ4 ಹಾಳೆಗಳಲ್ಲಿ ಹೆಚ್ಚಿನವಕ್ಕೆ ಎಳೆ 297 ಮಿಲಿಮೀಟರ್ ಉದ್ದದ ಬದಿಗೆ ಸಮನಾಗಿ ಇರುತ್ತದೆ. ಅದನ್ನೇ ಎರಡಾಗಿ ಮಡಿಸಿ ದೊಡ್ಡ ಕಾರ್ಡ್ ಮಾಡಲು ಹೋದರೆ ಮಡಿಕೆ ಎಳೆಗೆ ಅಡ್ಡ ಬೀಳುತ್ತದೆ. ಅದರ ಬದಲು ಹಾಳೆಯನ್ನು ಮಧ್ಯದಲ್ಲಿ ಅಡ್ಡಕ್ಕೆ ಕತ್ತರಿಸಿ ಎರಡು ತುಂಡು ಮಾಡಿ. ಒಂದೊಂದೂ 148 × 210 ಆಗುತ್ತದೆ. ಅದನ್ನು 210ರ ಮಧ್ಯದಲ್ಲಿ ಮಡಿಸಿದರೆ 105 × 148ರ ಕಾರ್ಡು. ಮಡಿಕೆ ಎಳೆಯ ಜೊತೆಗೇ ಹೋಗುತ್ತದೆ. ಒಂದು ಹಾಳೆಗೆ ಎರಡು ಕಾರ್ಡು, ಒಂದು ಚೂರೂ ದಂಡವಿಲ್ಲ. ನನ್ನ ಬಹುಪಾಲು ಕಾರ್ಡು ಈ ಅಳತೆಯದೇ. ಇದಕ್ಕೆ 114 × 162ರ ಲಕೋಟೆ ಸರಿಯಾಗಿ ಕೂರುತ್ತದೆ, ಅದನ್ನು ಸಿ6 ಅನ್ನುತ್ತಾರೆ. ಕಾರ್ಡನ್ನು ಮೊದಲು ಮಾಡಿ ಆಮೇಲೆ ಲಕೋಟೆ ಹುಡುಕುವುದಕ್ಕಿಂತ ಲಕೋಟೆಯ ಅಳತೆ ನೋಡಿ ಕಾರ್ಡು ಮಾಡುವುದು ವಾಸಿ.

ಮಡಿಸುವ ಮುಂಚೆ ಸ್ಕೇಲ್ ಇಟ್ಟು ಆ ಇಂಕಿಲ್ಲದ ಬಾಲ್ ಪೆನ್ನಿನಿಂದ ಒಂದು ಗೆರೆ ಒತ್ತಿ ಎಳೆಯುತ್ತೇನೆ. ಕಾಗದ ಹರಿಯಬಾರದು, ಸಣ್ಣ ಕಾಲುವೆ ಬೀಳಬೇಕು ಅಷ್ಟೇ. ಮೂಳೆಯ ಅಥವಾ ಪ್ಲಾಸ್ಟಿಕ್ಕಿನ ಫೋಲ್ಡರ್ ಅಂತಲೇ ಒಂದು ಸಾಧನ ಸಿಗುತ್ತದೆ. ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ. ಮಡಿಕೆ ಒತ್ತಲು ಚಮಚದ ಬೆನ್ನು ಸಾಕು, ಮೇಲೆ ಒಂದು ತೆಳು ಕಾಗದ ಇಟ್ಟುಕೊಂಡರೆ ಹೊಳಪಿನ ಗುರುತು ಬೀಳುವುದಿಲ್ಲ. ಹೀಗೆ ಮಡಿಸಿದ ಖಾಲಿ ಕಾರ್ಡುಗಳ ಒಂದು ಕಟ್ಟು ಯಾವಾಗಲೂ ರೆಡಿ ಇರಬೇಕು. ನಾಳೆ ಯಾರದೋ ಹುಟ್ಟುಹಬ್ಬ ಎಂದು ರಾತ್ರಿ ನೆನಪಾದರೆ ಅರ್ಧ ಕೆಲಸ ಆಗಲೇ ಮುಗಿದಿರುತ್ತದೆ, ಅಲ್ವಾ?

ಈಗ ಅಲಂಕಾರದ ವಿಷಯ. ಇಲ್ಲೇ ನನ್ನ ನಿಯಮ ಹೆಚ್ಚು ಕೆಲಸಕ್ಕೆ ಬರುವುದು.

ಕ್ವಿಲ್ಲಿಂಗ್ ನನಗೆ ಹೇಳಿ ಮಾಡಿಸಿದ್ದು. ಮೂರು ಮಿಲಿಮೀಟರ್ ಅಗಲದ ಕಾಗದದ ಪಟ್ಟಿಗಳನ್ನು ಸುರುಳಿ ಸುತ್ತಿ ಅಂಟಿಸುವುದು. ಫೋನಿನಲ್ಲಿ ಮಾತಾಡುತ್ತಾ ಸುತ್ತಬಹುದು, ಮಗಳಿಗೆ ಮಗ್ಗಿ ಒಪ್ಪಿಸಿಕೊಳ್ಳುತ್ತಾ ಸುತ್ತಬಹುದು. ಒಂದು ಸುರುಳಿ ಮುಗಿದರೆ ಡಬ್ಬಿಗೆ ಹಾಕಿದರಾಯಿತು. ಬಿಗಿ ಸುರುಳಿ, ಸಡಿಲ ಸುರುಳಿ, ಒಂದು ಕಡೆ ಹಿಂಡಿದ ಹನಿ ಆಕಾರ, ಎರಡೂ ಕಡೆ ಹಿಂಡಿದ ಕಣ್ಣಿನ ಆಕಾರ. ಇಷ್ಟು ಬಗೆ ಡಬ್ಬಿಯಲ್ಲಿದ್ದರೆ ಹೂವು, ಎಲೆ, ಹಕ್ಕಿ ಏನು ಬೇಕಾದರೂ ಜೋಡಿಸಬಹುದು.

ರಬ್ಬರ್ ಅಚ್ಚು ಕೂಡ ಹಾಗೇ. ಪೆನ್ಸಿಲ್ ಅಳಿಸುವ ರಬ್ಬರ್ ಮೇಲೆ ಚಿತ್ರ ಬರೆದು, ಬೇಡದ ಭಾಗ ಕೆತ್ತಿ ತೆಗೆದರೆ ಸ್ಟ್ಯಾಂಪ್ ತಯಾರು. ಒಮ್ಮೆ ಕೆತ್ತಿದ ಎಲೆ ವರ್ಷಗಟ್ಟಲೆ ಬರುತ್ತದೆ. ಅಕ್ಷರ ಕೆತ್ತುವುದಾದರೆ ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಕೆತ್ತಬೇಕು. ಅದಕ್ಕೆ ಸುಲಭದ ದಾರಿ ಇದೆ. ಕಾಗದದ ಮೇಲೆ ಮೆತ್ತನೆ ಪೆನ್ಸಿಲ್ಲಿನಲ್ಲಿ ನೇರವಾಗಿ ಬರೆದು, ಅದನ್ನು ರಬ್ಬರ್ ಮೇಲೆ ಬೋರಲು ಹಾಕಿ ಉಜ್ಜಿ. ಗುರುತು ತಾನೇ ತಿರುಗಿ ಬೀಳುತ್ತದೆ. ಕನ್ನಡದ ಒತ್ತಕ್ಷರಗಳನ್ನು ಸಣ್ಣ ರಬ್ಬರ್‌ನಲ್ಲಿ ಕೆತ್ತುವ ಸಾಹಸ ಮಾತ್ರ ನಾನು ಮಾಡುವುದಿಲ್ಲ. ಶುಭಾಶಯವನ್ನು ಕೈಯಲ್ಲೇ ಬರೆಯುತ್ತೇನೆ.

ಒಣಗಿಸಿದ ಹೂವು ಇನ್ನೂ ಸುಲಭ, ಕೆಲಸವೆಲ್ಲ ಪುಸ್ತಕವೇ ಮಾಡುತ್ತದೆ. ತೆಳು ಎಸಳಿನ ಹೂವನ್ನು ನೀರು ಹೀರುವ ಕಾಗದದ ನಡುವೆ ಇಟ್ಟು, ದಪ್ಪ ಪುಸ್ತಕದೊಳಗೆ ಸೇರಿಸಿ ಮೇಲೆ ಭಾರ ಹೇರಿ ಎರಡು ಮೂರು ವಾರ ಮರೆತುಬಿಡಿ. ರಸ ತುಂಬಿದ ದಪ್ಪ ಹೂವುಗಳು ಬೇಡ, ಬೂಸ್ಟು ಹಿಡಿಯುತ್ತವೆ. ಹೂವಿಗೆ ಮಳೆನೀರು, ಇಬ್ಬನಿ ಇರಬಾರದು.

ನೀರಿನ ಬಣ್ಣದಲ್ಲಿ ಸ್ವಲ್ಪ ಎಚ್ಚರ. ಅಗಲವಾಗಿ ಒಂದೇ ಬಣ್ಣ ಬಳಿಯುವಾಗ ಮಧ್ಯದಲ್ಲಿ ಎದ್ದು ಹೋದರೆ ಅಂಚು ಒಣಗಿ ಗಟ್ಟಿ ಗೆರೆ ಬಿಡುತ್ತದೆ. ಅದು ಬೇಕೆಂದೇ ಬಿಟ್ಟ ಗೆರೆಯ ಹಾಗೆ ಕಾಣುವುದಿಲ್ಲ. ಅದಕ್ಕೇ ನಾನು ದೊಡ್ಡ ಆಕಾಶ, ಸಮುದ್ರ ಬಿಟ್ಟು ಬಿಡಿ ಎಲೆ, ಬಿಡಿ ಎಸಳು ಬರೆಯುತ್ತೇನೆ. ಒಂದು ಎಲೆ ಮುಗಿಸಲು ಅರ್ಧ ನಿಮಿಷ. ಕುಕ್ಕರ್ ಕೂಗಿದರೂ ಎಲೆ ಮುಗಿಸಿಯೇ ಏಳಬಹುದು. ಮತ್ತೆ, ಎದ್ದು ಹೋದ ಹೊತ್ತಿನಲ್ಲಿ ಅದು ಒಣಗಿರುತ್ತದೆ, ಪಕ್ಕದ ಎಲೆಯ ಬಣ್ಣ ಇದಕ್ಕೆ ಹರಿಯುವುದಿಲ್ಲ.

ನಾನು ಕೈಬಿಟ್ಟಿದ್ದು ಹೀಟ್ ಎಂಬಾಸಿಂಗ್. ನಿಧಾನವಾಗಿ ಒಣಗುವ ಇಂಕಿನಲ್ಲಿ ಅಚ್ಚು ಒತ್ತಿ, ಮೇಲೆ ಪುಡಿ ಉದುರಿಸಿ, ಹೀಟ್ ಗನ್ನಿನಿಂದ ಕರಗಿಸಿದರೆ ಉಬ್ಬಿದ, ಹೊಳೆಯುವ ಅಕ್ಷರ ಬರುತ್ತದೆ. ಬಹಳ ಚೆಂದ, ಅದರಲ್ಲಿ ಎರಡು ಮಾತಿಲ್ಲ. ಆದರೆ ಇಂಕ್ ಒಣಗುವ ಮುಂಚೆ ಪುಡಿ ಬೀಳಬೇಕು, ಬಿಸಿ ಸಾಧನ ಕೈಯಲ್ಲಿದ್ದಾಗ ಬೇರೆಲ್ಲೂ ನೋಡುವಂತಿಲ್ಲ. ಹೇರ್ ಡ್ರೈಯರ್‌ನಲ್ಲಿ ಆಗುತ್ತದಾ ಎಂದು ಹಲವರು ಕೇಳುತ್ತಾರೆ. ಅದರ ಗಾಳಿ ಜೋರು, ಬಿಸಿ ಕಡಿಮೆ. ಪುಡಿ ಕರಗುವ ಮೊದಲೇ ಹಾರಿಹೋಗುತ್ತದೆ.

ತೆರೆದಾಗ ಎದ್ದು ನಿಲ್ಲುವ ಪಾಪ್-ಅಪ್ ಕಾರ್ಡು ಮಕ್ಕಳಿಗೆ ತುಂಬಾ ಇಷ್ಟ. ನೋಡಲು ಕಷ್ಟ ಅನ್ನಿಸಿದರೂ ಲೆಕ್ಕ ಗೊತ್ತಿದ್ದರೆ ಹತ್ತು ನಿಮಿಷದ ಕೆಲಸ. ಮಡಿಸಿದ ಹಾಳೆಯ ಮಡಿಕೆಯ ಕಡೆಯಿಂದ 30 ಮಿಲಿಮೀಟರ್ ಉದ್ದದ ಎರಡು ಸೀಳು ಹಾಕಿ, ನಡುವಿನ ಪಟ್ಟಿಯನ್ನು ಒಳಕ್ಕೆ ತಳ್ಳಿ ಮಡಿಸಿ. ಕಾರ್ಡನ್ನು ಅರ್ಧ ತೆರೆದರೆ ಸಣ್ಣ ಮೆಟ್ಟಿಲು ಎದ್ದು ನಿಲ್ಲುತ್ತದೆ. ಅದರ ಎದುರು ಮುಖಕ್ಕೆ ಚಿತ್ರ ಅಂಟಿಸುವುದು. ಲೆಕ್ಕ ಇಷ್ಟೇ: ಸೀಳಿನ ಉದ್ದ ಮತ್ತು ಚಿತ್ರದ ಎತ್ತರ ಕೂಡಿದರೆ ಮುಚ್ಚಿದ ಕಾರ್ಡಿನ ಅಗಲಕ್ಕಿಂತ ಕಡಿಮೆ ಇರಬೇಕು. ಅಗಲ 105 ಆದರೆ ಚಿತ್ರ 70 ಇರಲಿ. ಜಾಸ್ತಿ ಆದರೆ ಮುಚ್ಚಿದಾಗ ಆನೆಯ ಕಿವಿಯೋ ಕೇಕಿನ ಮೇಣದಬತ್ತಿಯೋ ಹೊರಗೆ ಇಣುಕುತ್ತದೆ, ಗುಟ್ಟೆಲ್ಲ ರಟ್ಟು. ಕೊನೆಗೆ ಹೊರಗಡೆ ಇನ್ನೊಂದು ಹಾಳೆ ಅಂಟಿಸಿ ತೂತು ಮುಚ್ಚಬೇಕು.

ಅಂಟಿಗೆ ಬಂದರೆ, ಬಿಳಿ ಗೋಂದಿನಲ್ಲಿ ನೀರಿದೆ. ನೀರು ತಾಗಿದ ನಾರು ಹಿಗ್ಗುತ್ತದೆ, ಕಾಗದ ಸುರುಳುತ್ತದೆ. ಅಗಲವಾದ ಹಾಳೆಗೆ ಡಬಲ್ ಸೈಡ್ ಟೇಪು ಅಥವಾ ಗ್ಲೂ ಸ್ಟಿಕ್. ಗೋಂದು ಬರೀ ಕ್ವಿಲ್ಲಿಂಗ್ ಸುರುಳಿಯ ಅಂಚಿಗೆ, ಅದೂ ಟೂತ್‌ಪಿಕ್ ತುದಿಯಲ್ಲಿ. ಮಲಗುವ ಮುಂಚೆ ಅಂಟಿಸುವುದು ನನ್ನ ಅಭ್ಯಾಸ. ಚಪ್ಪಟೆ ಕಾರ್ಡಾದರೆ ದಪ್ಪ ಪುಸ್ತಕದ ಕೆಳಗಿಟ್ಟರೆ ಬೆಳಗ್ಗೆ ಇಸ್ತ್ರಿ ಹಾಕಿದ ಹಾಗೆ ಇರುತ್ತದೆ.

ಒಳಗಿನ ಬರಹ ಮಾತ್ರ ನಾನು ಎಲ್ಲಕ್ಕಿಂತ ಮೊದಲೇ ಯೋಚಿಸುತ್ತೇನೆ. ಇದಕ್ಕೆ ಮೇಜೂ ಬೇಡ, ಟ್ರೇಯೂ ಬೇಡ. ಬಸ್ಸಿನಲ್ಲಿ, ಸಾಲಿನಲ್ಲಿ ನಿಂತಾಗ ಯೋಚಿಸಬಹುದು. ಆ ಮನುಷ್ಯನ ಬಗ್ಗೆ ಒಂದು ವಿಷಯ, ಬೇರೆ ಯಾರಿಗೂ ಹೊಂದದ್ದು, ಎರಡು ಮೂರು ಸಾಲಲ್ಲಿ. ಅದು ಸಿಕ್ಕಿದ ಮೇಲೆ ಹೊರಗಿನ ಚಿತ್ರವೂ ತಾನಾಗಿ ಹೊಳೆಯುತ್ತದೆ. ಸೊಂಟ ನೋವಿದ್ದರೂ ತೋಟ ಬಿಡದ ದೊಡ್ಡಮ್ಮನಿಗೆ ಗುಲಾಬಿ ಯಾಕೆ? ನೀರು ಹಾಕುವ ಹಳೇ ಕ್ಯಾನ್ ಬರೆದರೆ ಅವರು ನಗುತ್ತಾರೆ.

ಬರೆಯುವುದನ್ನು ನೇರ ಕಾರ್ಡಿನ ಮೇಲೆ ಬರೆಯುವುದಿಲ್ಲ. ಕಾರ್ಡಿಗಿಂತ ನಾಲ್ಕೂ ಕಡೆ ಮೂರು ಮಿಲಿಮೀಟರ್ ಚಿಕ್ಕದಾದ ತೆಳು ಬಿಳಿ ಹಾಳೆಯ ಮೇಲೆ ಬರೆದು, ಮಡಿಕೆಯ ಪಕ್ಕ ಒಂದು ಸಣ್ಣ ಪಟ್ಟಿ ಅಂಟು ಹಚ್ಚಿ ಕೂರಿಸುತ್ತೇನೆ. ಪೆನ್ನು ಕಕ್ಕಿದರೆ ಹೋಗುವುದು ಒಂದು ತೆಳು ಹಾಳೆ. ಕಡು ಬಣ್ಣದ ಕಾರ್ಡಿನಲ್ಲಿ ಅಕ್ಷರವೂ ಚೆನ್ನಾಗಿ ಓದಿಸಿಕೊಳ್ಳುತ್ತದೆ. ಎತ್ತಿಟ್ಟುಕೊಳ್ಳುವ ಕಾರ್ಡಾದರೆ ಆಸಿಡ್ ಇಲ್ಲದ ಕಾಗದ ಹುಡುಕಿ. ನ್ಯೂಸ್‌ಪೇಪರ್ ಚೂರು ಅಂಟಿಸುವ ವಿನ್ಯಾಸ ನೋಡಲು ಚೆಂದ, ಆದರೆ ಆ ಕಾಗದದಲ್ಲಿ ಮರದ ಲಿಗ್ನಿನ್ ಎಂಬ ಅಂಶ ಉಳಿದಿರುವುದರಿಂದ ಬೆಳಕು, ಗಾಳಿಗೆ ಬೇಗ ಹಳದಿಯಾಗುತ್ತದೆ.

ಅಂಚೆಯಲ್ಲಿ ಹೋಗುವ ಕಾರ್ಡು ಚಪ್ಪಟೆ ಇರಲಿ. ಕ್ವಿಲ್ಲಿಂಗ್, ಫೋಮ್ ಟೇಪ್, ಗುಂಡಿ, ಮಣಿ ಇರುವವು ಕೈಯಾರೆ ಕೊಡಲಿಕ್ಕೆ. ಕಳಿಸಲೇಬೇಕಾದರೆ ಗಟ್ಟಿ ಪೆಟ್ಟಿಗೆ.

ಅಂದಹಾಗೆ, ಅಚ್ಚು ಹಾಕಿಸಿದ ಕ್ರಿಸ್‌ಮಸ್ ಕಾರ್ಡು ಹುಟ್ಟಿದ್ದೂ ಪುರುಸೊತ್ತು ಇಲ್ಲದವರಿಂದಲೇ. 1843ರಲ್ಲಿ ಲಂಡನ್ನಿನ ಹೆನ್ರಿ ಕೋಲ್ ಎಂಬ ಅಧಿಕಾರಿ, ಎಲ್ಲರಿಗೂ ಕ್ರಿಸ್‌ಮಸ್ ಪತ್ರ ಬರೆಯುತ್ತಾ ಕೂರಲಾರದೆ, ಜಾನ್ ಹಾರ್ಸ್ಲಿ ಎಂಬ ಕಲಾವಿದನಿಂದ ಚಿತ್ರ ಬರೆಸಿ ಮುದ್ರಿಸಿದ. ಮಾರಾಟಕ್ಕೆ ಬಂದ ಮೊದಲ ಕ್ರಿಸ್‌ಮಸ್ ಕಾರ್ಡ್ ಅದೇ ಎನ್ನುತ್ತಾರೆ. ಬೆಲೆ ಒಂದು ಶಿಲ್ಲಿಂಗ್. ಬಣ್ಣ ಮಾತ್ರ ಆಗಲೂ ಕೈಯಲ್ಲೇ ಹಚ್ಚಿದ್ದು.

"ಇಷ್ಟು ಚೆನ್ನಾಗಿ ಮಾಡ್ತೀಯ, ಮಾರಬಾರದೇನೇ?" ಎಂದು ಅಕ್ಕ ಆಗಾಗ ಕೇಳುತ್ತಾಳೆ. ಮಾರುವವರ ಬಗ್ಗೆ ನನಗೆ ಗೌರವವಿದೆ, ಆದರೆ ಬೇಡ. ಆರ್ಡರ್ ಬಂದರೆ ಜೊತೆಗೆ ತಾರೀಕೂ ಬರುತ್ತದೆ, ಒಂದೇ ಥರದ ಇಪ್ಪತ್ತು ಕಾರ್ಡು ಬೇಕೆಂಬ ಬೇಡಿಕೆ ಬರುತ್ತದೆ. ಮಗಳಿಗೆ ಜ್ವರ ಬಂದ ವಾರ ಟ್ರೇ ಬೀರುವಿನ ಮೇಲೇ ಕೂರಲಿ ಎಂದು ಬಿಡಲು ಆಗುವುದಿಲ್ಲ. ಅಕ್ಕನಿಗೆ ಒಂದು ಡಬ್ಬಿ ತುಂಬ ಕ್ವಿಲ್ಲಿಂಗ್ ಸುರುಳಿ ಕೊಟ್ಟು, "ನೀನೇ ಮಾಡಿ ಮಾರು" ಅಂದಿದ್ದೇನೆ.